ಡ್ರಿಲ್ ಮಾಸ್ತರರ ಪ್ರಸಂಗಗಳು

(ಕಾರ್ಕಳದಲ್ಲಿ ಕೆಲಸಗಾರರೂ ಅಂಗಡಿಯವರೂ ಕೂಡಿದ್ದ ಒಂದು ಸಭೆಯಲ್ಲಿ ಮಾಡಿದ ಭಾಷಣ)



ಇವತ್ತು ಒಬ್ಬ ಕವಿಯ ಬಗ್ಗೆ ಮಾತಾಡುತ್ತೇವೆ ಎಂದಾಗ ನಿಮ್ಮಲ್ಲಿ ಕೆಲವರು ನಮ್ಮ ಮುಖ ನೋಡಿದಿರಿ. ಅಕ್ಕಿ ಮಿಲ್ಲಿನ ಕೂಲಿ ಇದೆ, ಗೇರುಬೀಜದ ಕಾರ್ಖಾನೆಯ ತೂಕದ ತಕರಾರು ಇದೆ, ಸಣ್ಣ ಅಂಗಡಿಯವನ ಬಾಡಿಗೆ ಇದೆ. ಇದರ ನಡುವೆ ಕವಿ ಯಾಕೆ? ಪ್ರಶ್ನೆ ನ್ಯಾಯವಾದದ್ದೇ. ಆದರೆ ನಾವು ಹೇಳಲಿರುವುದೂ ಕೂಲಿಯ ವಿಷಯವೇ. ಒಬ್ಬ ಮನುಷ್ಯ ಹಗಲೆಲ್ಲ ಹೊಟ್ಟೆಪಾಡಿಗೆ ದುಡಿದು, ರಾತ್ರಿ ಚಿಮಿಣಿ ದೀಪದ ಮುಂದೆ ಕೂತು ಇನ್ನೊಂದು ಕೆಲಸ ಮಾಡಿದರೆ ಆ ಎರಡನೆಯ ಕೆಲಸಕ್ಕೆ ಏನು ಸಿಕ್ಕಿತು, ಅದರ ಮೇಲೆ ಯಾರ ಹೆಸರು ಬಿತ್ತು, ಎಂಬ ವಿಷಯ.

ಆ ಮನುಷ್ಯ ದೂರದವರಲ್ಲ. ಬೆಳ್ಮಣ್ಣಿನ ಹತ್ತಿರದ ನಂದಳಿಕೆಯವರು. ಹೆಸರು ಲಕ್ಷ್ಮೀನಾರಣಪ್ಪ. 1870ರ ಜನವರಿ 24ರಂದು ಹುಟ್ಟಿದರು, 1901ರ ಫೆಬ್ರವರಿಯಲ್ಲಿ ತೀರಿಕೊಂಡರು. ಲೋಕ ಅವರನ್ನು ಮುದ್ದಣ ಎಂದು ಬಲ್ಲದು. ಚಿಕ್ಕಂದಿನಲ್ಲಿ ಮನೆಯಲ್ಲಿ ಮುದ್ದಿನಿಂದ ಕರೆದ ಹೆಸರು ಅದು. ಪುಸ್ತಕಗಳಲ್ಲಿ ಮುದ್ದಣ ಬರೆದನು, ಮುದ್ದಣ ಹೇಳಿದನು ಎಂದು ಏಕವಚನದಲ್ಲಿ ಬರೆಯುತ್ತಾರೆ. ಕವಿಗಳ ಬಗ್ಗೆ ಆ ಸಲಿಗೆ ನಡೆದು ಬಂದಿದೆ. ನಾವು ಮಾತ್ರ ಬಹುವಚನ ಬಿಡುವುದಿಲ್ಲ. ಅವರು ಶಾಲೆಯ ಮಾಸ್ತರರು, ನಾವೂ ಕೆಲವು ವರ್ಷ ಹಾಜರಿ ಪುಸ್ತಕ ಹಿಡಿದವರು.

ಬಡವರ ಮನೆ. ಊರಿನಲ್ಲಿ ಅಕ್ಷರ ಕಲಿತು ಉಡುಪಿಗೆ ಓದಲು ಬಂದರು. ಇಂಗ್ಲಿಷ್ ವಿದ್ಯೆಯನ್ನು ಮುಂದುವರಿಸಲು ಕೈಯಲ್ಲಿ ದುಡ್ಡಿರಲಿಲ್ಲ. ಮೈಕಟ್ಟು ಚೆನ್ನಾಗಿತ್ತು, ಅಂಗಸಾಧನೆಯಲ್ಲಿ ಚುರುಕು. ಮದರಾಸಿಗೆ ಹೋಗಿ ವ್ಯಾಯಾಮ ಶಿಕ್ಷಕರ ತರಬೇತಿ ಪಡೆದು ಬಂದರು. ಆಮೇಲೆ ಕುಂದಾಪುರದಲ್ಲಿ, ಉಡುಪಿಯಲ್ಲಿ ಡ್ರಿಲ್ ಮಾಸ್ತರರ ಕೆಲಸ. ಶಾಲೆಯೊಳಗೆ ಡ್ರಿಲ್ ಮಾಸ್ತರರ ಸ್ಥಾನ ಏನೆಂದು ಶಾಲೆಗೆ ಹೋದವರಿಗೆಲ್ಲ ಗೊತ್ತಿದೆ. ಉಳಿದವರು ಮಾಡಿನ ಕೆಳಗೆ, ಅವರು ಬಿಸಿಲಲ್ಲಿ. ಸಂಬಳದ ಪಟ್ಟಿಯಲ್ಲಿ ಅವರ ಹೆಸರನ್ನು ಹುಡುಕಬೇಕಾದರೆ ಕೆಳಗಿನಿಂದ ಓದಬೇಕು.

ಈ ಡ್ರಿಲ್ ಮಾಸ್ತರರು ಬರೆದ 'ಶ್ರೀರಾಮಾಶ್ವಮೇಧ' ಹಳಗನ್ನಡ ಗದ್ಯದ ದೊಡ್ಡ ಪುಸ್ತಕ. ಅದರಲ್ಲಿ ಬರುವ ಮುದ್ದಣ ಮನೋರಮೆಯರ ಸಲ್ಲಾಪ ಎಷ್ಟೋ ತಲೆಮಾರುಗಳ ಮಕ್ಕಳಿಗೆ ಪಾಠವಾಗಿತ್ತು. ನಾವೂ ಆ ಪಾಠ ಮಾಡಿದ್ದೇವೆ. ಹುಡುಗರು ನಗುತ್ತಾರೆ, ಪದಗಳ ಅರ್ಥ ಬರೆದುಕೊಳ್ಳುತ್ತಾರೆ, ಗಂಟೆ ಹೊಡೆಯುತ್ತದೆ. ಆ ಗದ್ಯಕ್ಕೆ ಮೊದಲು ಈ ಮನುಷ್ಯ ಏನು ಬರೆಯುತ್ತಿದ್ದರು ಎಂದು ಯಾರೂ ಕೇಳುವುದಿಲ್ಲ. ಹೊಸಗನ್ನಡದ ಮುಂಗೋಳಿ ಎಂಬ ಬಿರುದು ಅವರಿಗೆ ಸಂದಿದೆ. ಮುಂಗೋಳಿ ಯಾವ ಹಟ್ಟಿಯಿಂದ ಕೂಗಿತು ಎಂಬುದೇ ನಮ್ಮ ಇವತ್ತಿನ ವಿಚಾರ.

ಅವರು ಮೊದಲು ಬರೆದದ್ದು ಯಕ್ಷಗಾನ ಪ್ರಸಂಗಗಳನ್ನು. 'ರತ್ನಾವತಿ ಕಲ್ಯಾಣ' ಒಂದು, 'ಕುಮಾರ ವಿಜಯ' ಇನ್ನೊಂದು. ಮೊದಲನೆಯದು ಹೆಸರೇ ಹೇಳುವಂತೆ ಮದುವೆಯ ಕಥೆ, ಶೃಂಗಾರದ ಕಥೆ. ಎರಡನೆಯದು ಕುಮಾರಸ್ವಾಮಿಯ ಕಥೆ, ಶೂರಪದ್ಮಾದಿ ರಾಕ್ಷಸರ ಅಬ್ಬರದ ಕಥೆ. ಎರಡನ್ನೂ ನಮ್ಮ ಮೇಳಗಳು ಆಡಿವೆ. ನಿಮ್ಮಲ್ಲಿ ನೋಡಿದವರೂ ಇರಬಹುದು, ಬರೆದವರು ಯಾರೆಂದು ತಿಳಿಯದೆ.

ಆಟ ಏನೆಂದು ನಿಮಗೆ ನಾವು ಹೇಳಿಕೊಡಬೇಕಾಗಿಲ್ಲ. ಹಗಲು ಮಿಲ್ಲಿನಲ್ಲಿ ಮೂಟೆ ಹೊತ್ತು ರಾತ್ರಿ ಗದ್ದೆಯಲ್ಲಿ ಚಾಪೆ ಹಾಸಿ ಬೆಳಗಿನವರೆಗೆ ಕೂತವರು ನೀವು. ಆದರೆ ಆಟದ ಒಳಗಿನ ಒಂದು ದುಡಿಮೆಯ ಕಡೆ ನಿಮ್ಮ ಗಮನ ಸೆಳೆಯಬೇಕು. ರಂಗದ ಮೇಲೆ ಭಾಗವತರು ಕಾಣುತ್ತಾರೆ, ಚೆಂಡೆ ಮದ್ದಳೆಯವರು ಕಾಣುತ್ತಾರೆ, ವೇಷ ಕಾಣುತ್ತದೆ. ಪ್ರಸಂಗ ಕಟ್ಟಿದವರು ಕಾಣುವುದಿಲ್ಲ. ಪ್ರಸಂಗ ಪುಸ್ತಕವನ್ನು ಬಿಚ್ಚಿ ನೋಡಿ: ಪ್ರತಿಯೊಂದು ಹಾಡಿನ ತಲೆಯಲ್ಲಿ ರಾಗದ ಹೆಸರು, ತಾಳದ ಹೆಸರು ಇರುತ್ತದೆ. ನಡುನಡುವೆ ಭಾಮಿನಿ, ವಾರ್ಧಕ, ಕಂದ, ದ್ವಿಪದಿ. ಮಾತು ಇರುವುದಿಲ್ಲ, ಅದು ವೇಷಧಾರಿಯ ಪಾಲು. ಕಥೆಯ ಹಂದರ, ಹಾಡು, ಹಾಡಿನ ನಡೆ, ಎಲ್ಲಿ ಏರುಪದ್ಯ ಬೇಕು, ಎಲ್ಲಿ ಭಾಗವತರ ದನಿ ಇಳಿಯಬೇಕು, ವೇಷಕ್ಕೆ ಕುಣಿಯಲು ಎಷ್ಟು ಜಾಗ ಬೇಕು, ಎಲ್ಲಿ ಹಾಡು ನಿಂತು ಮಾತಿಗೆ ಎಡೆ ಕೊಡಬೇಕು, ಇಷ್ಟೂ ಪ್ರಸಂಗಕರ್ತನ ಲೆಕ್ಕ. ಒಂದು ಅಕ್ಷರ ಹೆಚ್ಚಾದರೆ ಮದ್ದಳೆ ಎಡವುತ್ತದೆ. ಕೈಮಗ್ಗದವರಿಗೆ ಈ ಮಾತು ಬೇಗ ತಿಳಿಯುತ್ತದೆ: ಹಾಸಿನಲ್ಲಿ ಒಂದು ಎಳೆ ತಪ್ಪಿದರೆ ಸೀರೆ ಪೂರ್ತಿ ಅದನ್ನು ಹೇಳುತ್ತದೆ.

ಹೀಗೆ ಕವಿತೆಯನ್ನೂ ಸಂಗೀತವನ್ನೂ ರಂಗವನ್ನೂ ಒಟ್ಟಿಗೆ ಕೂಡಿಸುವ ಕಸುಬನ್ನು ಇಪ್ಪತ್ತರ ಆಸುಪಾಸಿನಲ್ಲೇ ಲಕ್ಷ್ಮೀನಾರಣಪ್ಪನವರು ಕೈವಶ ಮಾಡಿಕೊಂಡಿದ್ದರು. 'ಕುಮಾರ ವಿಜಯ'ದಲ್ಲಿ ಅವರು ಬಳಸಿದ ಛಂದಸ್ಸಿನ, ತಾಳದ ಬಗೆಗಳನ್ನು ಬಲ್ಲವರು ಬೆರಗಿನಿಂದ ಹೇಳುತ್ತಾರೆ. ಆಟದ ಗದ್ದೆಯಲ್ಲಿ ನಿದ್ದೆಗೆಟ್ಟು ಕಿವಿ ಹದಮಾಡಿಕೊಂಡವರಿಗೆ ಮಾತ್ರ ಬರುವ ವಿದ್ಯೆ ಅದು. ವ್ಯಾಕರಣದ ಪುಸ್ತಕದಲ್ಲಿ ಸಿಕ್ಕುವುದಿಲ್ಲ.

ಯುರೋಪಿನಲ್ಲಿ ಇಂಥ ಕಸುಬಿಗೆ ಒಪೆರಾ ಎನ್ನುತ್ತಾರೆ. ಹಾಡಿನಲ್ಲೇ ನಡೆಯುವ ನಾಟಕ ಎಂದು ತಿಳಿಯಿರಿ. ಅಲ್ಲಿ ಪಾತ್ರಧಾರಿಗಳು ತಾವೇ ಹಾಡುತ್ತಾರೆ, ನಮ್ಮಲ್ಲಿ ಭಾಗವತರು ಹಾಡುತ್ತಾರೆ. ಅಲ್ಲಿ ಸ್ವರ ಸ್ವರವನ್ನೂ ಬರೆದಿಡುತ್ತಾರೆ, ನಮ್ಮಲ್ಲಿ ರಾಗ ತಾಳ ಹೇಳಿ ಉಳಿದದ್ದನ್ನು ಭಾಗವತರ ಗಂಟಲಿಗೆ ಬಿಡುತ್ತಾರೆ. ವ್ಯತ್ಯಾಸ ದೊಡ್ಡದೇ. ಆದರೂ ಆ ಕಡೆಯ ಒಬ್ಬರ ಕಥೆಯನ್ನು ನಿಮಗೆ ಹೇಳಲೇಬೇಕು, ಯಾಕೆಂದರೆ ನಮ್ಮ ಮಾಸ್ತರರ ಕಥೆಯನ್ನು ಅದರ ಪಕ್ಕದಲ್ಲಿಟ್ಟಾಗ ಕೆಲವು ಸಂಗತಿಗಳು ಬೆಳಕಿಗೆ ಬರುತ್ತವೆ.

ಜರ್ಮನಿಯ ರಿಚರ್ಡ್ ವ್ಯಾಗ್ನರ್. 1813ರಲ್ಲಿ ಲೈಪ್ಸಿಗ್ ಪಟ್ಟಣದಲ್ಲಿ ಹುಟ್ಟಿದವನು. 1839ರಲ್ಲಿ, ಇಪ್ಪತ್ತಾರರ ಪ್ರಾಯದಲ್ಲಿ, ಸಾಲ ಕೊಟ್ಟವರ ಕಣ್ಣುತಪ್ಪಿಸಿ ಹೆಂಡತಿಯನ್ನೂ ಒಂದು ದೊಡ್ಡ ನಾಯಿಯನ್ನೂ ಕಟ್ಟಿಕೊಂಡು ರಿಗಾ ಎಂಬ ಊರಿನಿಂದ ಓಡಿದ. ಗಡಿ ದಾಟಿ, ಹಡಗು ಹತ್ತಿ, ಬಿರುಗಾಳಿಗೆ ಸಿಕ್ಕಿ, ಲಂಡನ್ನಿನ ಮೇಲಿಂದ ಪ್ಯಾರಿಸ್ ಸೇರಿದ. ಪ್ಯಾರಿಸಿನಲ್ಲಿ ತನ್ನ ಒಪೆರಾ ಆಡಿಸಬೇಕೆಂಬ ಆಸೆ. ಆಡಿಸುವವರು ಯಾರು? ಎರಡೂವರೆ ವರ್ಷ ಅಲ್ಲಿ ಅರೆಹೊಟ್ಟೆ ತಿಂದ. ಬೇರೆಯವರ ಜನಪ್ರಿಯ ಹಾಡುಗಳನ್ನು ಈ ವಾದ್ಯಕ್ಕೆ ಆ ವಾದ್ಯಕ್ಕೆ ಹೊಂದಿಸಿಕೊಡುವ ಬಿಟ್ಟಿ ಚಾಕರಿಯಂಥ ಕೆಲಸವನ್ನು ಮಾರಿಸ್ ಶ್ಲೆಸಿಂಗರ್ ಎಂಬ ಪ್ರಕಾಶಕನಿಗೆ ಮಾಡಿಕೊಟ್ಟ. ಅದೇ ಪ್ರಕಾಶಕನ ಸಂಗೀತ ಪತ್ರಿಕೆಗೆ ಲೇಖನ, ಕಥೆ ಬರೆದ. ಜರ್ಮನ್ ಭಾಷೆಯಲ್ಲಿ ಬರೆದದ್ದನ್ನು ಫ್ರೆಂಚಿಗೆ ತಿರುಗಿಸಬೇಕಾಗಿತ್ತು. ಆ ಖರ್ಚು ಅವನ ಸಂಭಾವನೆಯಿಂದಲೇ ಹೋಗುತ್ತಿತ್ತು.

ಆ ಕಥೆಗಳಲ್ಲಿ ಎರಡು ಚೆನ್ನಾಗಿವೆ. 1840ರಲ್ಲಿ ಬಂದದ್ದರಲ್ಲಿ ಒಬ್ಬ ಬಡ ಸಂಗೀತಗಾರ ಬೀಥೋವನ್ನನ ದರ್ಶನಕ್ಕೆಂದು ವಿಯೆನ್ನಾಕ್ಕೆ ನಡೆದು ಹೋಗುತ್ತಾನೆ. ದಾರಿಖರ್ಚಿಗಾಗಿ ಮನಸ್ಸಿಲ್ಲದ ಮನಸ್ಸಿನಿಂದ ಕುಣಿತದ ಹಗುರ ಹಾಡುಗಳನ್ನು ಬರೆದು ಮಾರುತ್ತಾನೆ. 1841ರಲ್ಲಿ ಬಂದ ಕಥೆಯಲ್ಲಿ ಅದೇ ಸಂಗೀತಗಾರ ಪ್ಯಾರಿಸಿಗೆ ಬಂದು, ಯಾರೂ ಕೇಳುವವರಿಲ್ಲದೆ, ನಾಯಿಯನ್ನೂ ಕಳೆದುಕೊಂಡು, ಹಸಿವಿನಿಂದ ಸಾಯುತ್ತಾನೆ. ತನಗೆ ಆಗಬಹುದಾಗಿದ್ದ ಸಾವನ್ನು ವ್ಯಾಗ್ನರ್ ತನ್ನ ಪಾತ್ರಕ್ಕೆ ಕೊಟ್ಟು, ಅದನ್ನು ಮಾರಿ ತಾನು ಊಟ ಮಾಡಿದ. ಒಪೆರಾ ಒಂದರ ಕಥೆಯ ಹಂದರವನ್ನೇ ಪ್ಯಾರಿಸಿನ ರಂಗಮಂದಿರಕ್ಕೆ 500 ಫ್ರಾಂಕಿಗೆ ಮಾರಿದ, ಬೇರೊಬ್ಬ ಅದಕ್ಕೆ ಸಂಗೀತ ಕೂಡಿಸಿದ. ಕಡೆಗೆ 1842ರ ಅಕ್ಟೋಬರದಲ್ಲಿ ಡ್ರೆಸ್ಡನ್ ಪಟ್ಟಣದಲ್ಲಿ ಅವನ 'ರಿಯೆಂಜಿ' ರಂಗವೇರಿತು, ದೆಸೆ ತಿರುಗಿತು. ಮುಂದೆ ಬವೇರಿಯಾದ ಅರಸನೇ ಅವನ ಸಾಲ ತೀರಿಸಿದ.

ಅವನ ಬಗ್ಗೆ ಇನ್ನೊಂದು ಮಾತನ್ನು ಮುಚ್ಚಿಡುವುದು ಸರಿಯಲ್ಲ. 1849ರಲ್ಲಿ ಡ್ರೆಸ್ಡನ್ನಿನ ಬಂಡಾಯದಲ್ಲಿ ಜನರ ಪಕ್ಷದಲ್ಲಿ ನಿಂತು ದೇಶಬಿಟ್ಟು ಓಡಬೇಕಾದ ಇದೇ ಮನುಷ್ಯ, ಮರುವರ್ಷ ಯಹೂದಿ ಸಂಗೀತಗಾರರ ಮೇಲೆ ವಿಷ ಕಾರಿ ಒಂದು ಲೇಖನ ಬರೆದ. ಪ್ಯಾರಿಸಿನಲ್ಲಿ ಅವನಿಗೆ ಶಿಫಾರಸು ಪತ್ರ ಕೊಟ್ಟ ಮೆಯರ್‌ಬೇರ್ ಯಹೂದಿ. ಕೆಲಸ ಕೊಟ್ಟ ಶ್ಲೆಸಿಂಗರ್ ಹುಟ್ಟಿದ್ದು ಯಹೂದಿ ಮನೆಯಲ್ಲಿ. ಉಂಡ ಮನೆಯ ಜಂತೆ ಎಣಿಸುವುದೆಂದರೆ ಇದೇ. ಆ ಲೇಖನಕ್ಕೆ ಮಾತ್ರ ಅವನು ತನ್ನ ಹೆಸರು ಹಾಕಲಿಲ್ಲ, ಸುಳ್ಳು ಹೆಸರೊಂದನ್ನು ಹಾಕಿದ. ಹತ್ತೊಂಬತ್ತು ವರ್ಷ ಕಳೆದು, ಬಲ ಬಂದ ಮೇಲೆ, 1869ರಲ್ಲಿ ಸ್ವಂತ ಹೆಸರಿನಲ್ಲಿ ಪುನಃ ಅಚ್ಚು ಹಾಕಿಸಿದ. ಹಸಿವಿನ ಕಥೆಗೆ ಸ್ವಂತ ಹೆಸರು, ಹಗೆಯ ಲೇಖನಕ್ಕೆ ಮುಖವಾಡ.

ಮುಖವಾಡ ನಮ್ಮ ಮಾಸ್ತರರೂ ಹಾಕಿಕೊಂಡರು. ಆದರೆ ಯಾವುದಕ್ಕೆ ನೋಡಿ.

ಪ್ರಸಂಗಗಳಾದ ಮೇಲೆ ಅವರು ಮೂರು ಕಾವ್ಯಗಳನ್ನು ಬರೆದರು. 'ಅದ್ಭುತ ರಾಮಾಯಣ' ಗದ್ಯ. ಇನ್ನೊಬ್ಬ ರಾವಣನನ್ನು ಸೀತೆಯೇ ಕೊಲ್ಲುವ ಕಥೆ. 'ಶ್ರೀರಾಮ ಪಟ್ಟಾಭಿಷೇಕ' ವಾರ್ಧಕ ಷಟ್ಪದಿಯಲ್ಲಿ. ಮೂರನೆಯದು 'ಶ್ರೀರಾಮಾಶ್ವಮೇಧ'. ಇವನ್ನು ಅಚ್ಚು ಹಾಕಿಸುವುದು ಎಲ್ಲಿ? ನಮ್ಮ ಜಿಲ್ಲೆ ಆಗ ಮದರಾಸು ಅಧಿಪತ್ಯಕ್ಕೆ ಸೇರಿತ್ತು. ಮೈಸೂರು ಬೇರೆ ರಾಜ್ಯ, ಘಟ್ಟದ ಆಚೆ. ಕನ್ನಡ ನಾಡು ಒಂದಾದದ್ದು 1956ರಲ್ಲಿ, ಈ ಮಾಸ್ತರರು ಕಣ್ಣು ಮುಚ್ಚಿ 55 ವರ್ಷಗಳಾದ ಮೇಲೆ. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರ ಅಚ್ಚುಕೂಟ ಇತ್ತು. ಕಿಟ್ಟೆಲರ ದೊಡ್ಡ ನಿಘಂಟು 1894ರಲ್ಲಿ ಅಲ್ಲೇ ಹೊರಬಂತು. ಆದರೆ ಕಾವ್ಯಕ್ಕೆ ಹೆಸರಾದ ಮಾಸಿಕ ಮೈಸೂರಿನಲ್ಲಿತ್ತು: ಎಂ. ಎ. ರಾಮಾನುಜ ಅಯ್ಯಂಗಾರ್ಯರೂ ಎಸ್. ಜಿ. ನರಸಿಂಹಾಚಾರ್ಯರೂ ನಡೆಸುತ್ತಿದ್ದ 'ಕಾವ್ಯಮಂಜರಿ', ಆಮೇಲೆ ರಾಮಾನುಜ ಅಯ್ಯಂಗಾರ್ಯರ 'ಕಾವ್ಯಕಲಾನಿಧಿ'. ಓಲೆಗರಿಗಳಲ್ಲಿ ಹುದುಗಿದ್ದ ಪ್ರಾಚೀನ ಕಾವ್ಯಗಳನ್ನು ಹುಡುಕಿ ಅಚ್ಚುಮಾಡುವುದು ಅವರ ವ್ರತ. ಒಳ್ಳೆಯ ವ್ರತವೇ. ಆದರೆ ಆ ಬಾಗಿಲು ಹಳೆಯದಕ್ಕೆ ತೆರೆದಿತ್ತು. ಉಡುಪಿಯ ಒಬ್ಬ ಡ್ರಿಲ್ ಮಾಸ್ತರ ನಿನ್ನೆ ರಾತ್ರಿ ಬರೆದದ್ದಕ್ಕೆ ಅಲ್ಲಿ ಎಡೆ ಎಲ್ಲಿ?

ಲಕ್ಷ್ಮೀನಾರಣಪ್ಪನವರು ತಮ್ಮ ಕೃತಿಗಳನ್ನು ಯಾರೋ ಹಿಂದಿನ ಕವಿಗಳು ಬರೆದದ್ದು, ತಮಗೆ ಸಿಕ್ಕಿದ್ದು ಎಂದು ಹೇಳಿ ಟಪ್ಪಾಲಿಗೆ ಹಾಕಿದರು. ಒಂದಕ್ಕೆ ಮುದ್ದಣ ಎಂಬ ಹೆಸರು. 'ಶ್ರೀರಾಮ ಪಟ್ಟಾಭಿಷೇಕ'ಕ್ಕೆ ಮಹಾಲಕ್ಷ್ಮಿ ಎಂಬ ಹೆಸರು, ಅದು ಅವರ ತಾಯಿಯದು. ಪತ್ರಿಕೆಯವರು ನಂಬಿದರು. 'ಅದ್ಭುತ ರಾಮಾಯಣ' 1895ರಲ್ಲಿ, 'ಪಟ್ಟಾಭಿಷೇಕ' 1896ರಲ್ಲಿ ಪ್ರಕಟವಾದವು. ಪಂಡಿತರು ಹಳೆಯ ಕವಿಯ ಕೃತಿಯೆಂದೇ ಓದಿ ತಲೆದೂಗಿದರು. ಮುದ್ದಣ ಎಂದರೆ ಯಾರೆಂಬುದು ಎಲ್ಲರಿಗೂ ನಿಶ್ಚಯವಾಗುವ ಹೊತ್ತಿಗೆ ಮಾಸ್ತರರು ಇರಲಿಲ್ಲ.

ಇದನ್ನು ವಿನಯ ಎನ್ನುತ್ತಾರೆ ಹಲವರು. ಕವಿಯ ದೊಡ್ಡ ಮನಸ್ಸು, ಹೆಸರಿನ ಹಂಬಲವಿಲ್ಲದ ಸಂತಸ್ವಭಾವ ಎನ್ನುತ್ತಾರೆ. ಅವರ ಸ್ವಭಾವ ಮೃದುವಾಗಿದ್ದಿರಬಹುದು, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಬಡವನು ಹಿಂದೆ ಸರಿದಾಗಲೆಲ್ಲ ಅದನ್ನು ವಿನಯ ಎಂದು ಹೊಗಳುವ ಚಾಳಿ ನಮ್ಮ ದೇಶದಲ್ಲಿ ಬಹಳ ಇದೆ. ಬಾಗಿಲು ತಗ್ಗಾಗಿದ್ದರೆ ಒಳಹೋಗುವವನು ಬಗ್ಗಲೇಬೇಕು. ಬಗ್ಗಿದ್ದನ್ನು ನಮಸ್ಕಾರವೆಂದು ತಿಳಿದುಕೊಳ್ಳುವುದು ಮನೆಯೊಡೆಯನ ಅನುಕೂಲ. ಸ್ವಂತ ಹೆಸರು ಹೇಳದವನು ಸಂಭಾವನೆ ಕೇಳಲಾರ. ಮೆಚ್ಚುಗೆಯ ಕಾಗದ ಬಂದರೆ ನಮ್ಮದು ಎಂದು ಹೆಂಡತಿಯ ಮುಂದೆ ಹೇಳಿಕೊಳ್ಳಬಹುದೇ ಹೊರತು ಊರಿನ ಮುಂದೆ ಹೇಳುವಂತಿಲ್ಲ.

ಹೆಂಡತಿಯ ಮಾತು ಬಂತು. ಅವರ ಪತ್ನಿ ಕಮಲಾಬಾಯಿ. ಪುಸ್ತಕದಲ್ಲಿ ಬರುವ ಮನೋರಮೆಯ ಹಿಂದೆ ಇರುವವರು ಅವರೇ ಎಂದು ಓದುವವರೆಲ್ಲ ತಿಳಿಯುತ್ತಾರೆ. ಆ ಸಲ್ಲಾಪದಲ್ಲಿ ಮುದ್ದಣ ಅರಮನೆಯಿಂದ ದಣಿದು ಬರುತ್ತಾನೆ. ಮಳೆಗಾಲ. ಹೆಂಡತಿ ಉಪಚರಿಸಿ, ಉಣಿಸಿ, ತಾಂಬೂಲ ಕೊಟ್ಟು, ಹೊತ್ತು ಹೋಗುವುದಿಲ್ಲ, ಕಥೆ ಹೇಳಿ ಎನ್ನುತ್ತಾಳೆ. ಪದ್ಯ ಬೇಡ, ತಿಳಿಯುವ ಗದ್ಯದಲ್ಲಿ ಹೇಳಿ ಎಂದು ಹಟ ಹಿಡಿಯುತ್ತಾಳೆ. ಸಂಸ್ಕೃತ ಹೆಚ್ಚಾದರೆ ತಡೆಯುತ್ತಾಳೆ. ಕಥೆ ಹೇಳಿದ್ದಕ್ಕೆ ಏನು ಕೊಡುವೆ ಎಂದು ಗಂಡ ಚೌಕಾಸಿ ಮಾಡುತ್ತಾನೆ. ಶಾಲೆಯಲ್ಲಿ ಇದನ್ನು ವಿನೋದ ಎಂದು ಕಲಿಸುತ್ತೇವೆ. ಉಡುಪಿಯಲ್ಲಿ ಅರಮನೆ ಎಲ್ಲಿತ್ತು? ಅವರು ದಣಿದು ಬರುತ್ತಿದ್ದದ್ದು ಡ್ರಿಲ್ಲಿನ ಬಯಲಿನಿಂದ. ಇಡೀ ಕನ್ನಡ ನಾಡಿನಲ್ಲಿ ಅವರು ಕಥೆಗೆ ಕೂಲಿ ಕೇಳಿದ್ದು ಒಬ್ಬರ ಹತ್ತಿರ, ಕೊಡಲು ಕೈಯಲ್ಲಿ ಏನೂ ಇಲ್ಲದ ಹೆಂಡತಿಯ ಹತ್ತಿರ. ಆ ಜಾಗ ಓದುವಾಗ ನಮಗೆ ಈಗ ಹುಡುಗರಂತೆ ನಗಲಾಗುವುದಿಲ್ಲ.

ಈ ಗದ್ಯ ಎಲ್ಲಿಂದ ಬಂತು ಎಂಬುದಕ್ಕೆ ಪಂಡಿತರು ಪಂಪನ ಕಡೆ, ಹಳಗನ್ನಡದ ಕಡೆ ಕೈ ತೋರಿಸುತ್ತಾರೆ. ಭಾಷೆಯ ಮಟ್ಟಿಗೆ ನಿಜ. ಆದರೆ ಗಂಡಹೆಂಡಿರು ಒಬ್ಬರ ಮಾತನ್ನು ಒಬ್ಬರು ಕೊಂಡಿ ಹಾಕಿ ಎಳೆಯುವ ಆ ಚುರುಕು, ನಡುವೆ ತಡೆದು ಪ್ರಶ್ನೆ ಕೇಳುವ ಆ ರೀತಿ, ತಾಳಮದ್ದಳೆಯಲ್ಲಿ ಎದುರುಬದುರು ಕೂತ ಅರ್ಥಧಾರಿಗಳದ್ದು. ಪ್ರಸಂಗ ಬರೆಯುವವನು ಮಾತನ್ನು ಬರೆಯುವುದಿಲ್ಲ ಎಂದೆವಲ್ಲ. ಹಾಡು ಬರೆಯುವಾಗ ಅವನ ಕಿವಿಯೊಳಗೆ ಆ ಬರೆಯದ ಮಾತು ನಡೆಯುತ್ತಲೇ ಇರುತ್ತದೆ. 'ರತ್ನಾವತಿ ಕಲ್ಯಾಣ' ಬರೆದ ಕೈ ಹತ್ತು ವರ್ಷದೊಳಗೆ ಆ ಬರೆಯದ ಮಾತನ್ನೂ ಕಾಗದದ ಮೇಲೆ ಇಳಿಸಿತು ಎಂದು ನಮ್ಮ ಅಭಿಪ್ರಾಯ. 'ಪಟ್ಟಾಭಿಷೇಕ'ದ ವಾರ್ಧಕಕ್ಕೂ ಪ್ರಸಂಗದ ವಾರ್ಧಕದಲ್ಲೇ ಕೈ ಪಳಗಿತ್ತು. ಹಾಗಿದ್ದೂ ಸಾಹಿತ್ಯ ಚರಿತ್ರೆಗಳಲ್ಲಿ ಪ್ರಸಂಗಗಳಿಗೆ ಒಂದು ಸಾಲು, 'ಅಶ್ವಮೇಧ'ಕ್ಕೆ ಹತ್ತು ಪುಟ. ಬೇರಿಗೆ ಮಣ್ಣು ಮೆತ್ತಿದೆ ಎಂದು ಪಂಗ್ತಿಯಿಂದ ಹೊರಗೆ ಕೂರಿಸಿದ ಹಾಗೆ.

ಆಟದ ಬಗ್ಗೆ ಓದಿದವರ ತಾತ್ಸಾರ ಹೊಸದಲ್ಲ. ಕೋಟದ ಶಿವರಾಮ ಕಾರಂತರು ವರ್ಷಗಟ್ಟಲೆ ಊರೂರು ಸುತ್ತಿ 'ಯಕ್ಷಗಾನ ಬಯಲಾಟ' ಎಂಬ ಗ್ರಂಥ ಬರೆದು, ಅದಕ್ಕೆ 1959ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದ ಮೇಲೆ ಕೆಲವರ ಹುಬ್ಬು ಸ್ವಲ್ಪ ಇಳಿಯಿತು. ಅದೇ ಕಾರಂತರೂ ಇತರ ವಿದ್ವಾಂಸರೂ ಕುಂಬಳೆಯ ಪಾರ್ತಿಸುಬ್ಬನ ಬಗ್ಗೆ ನಡೆಸಿದ ಜಗಳ ನಿಮಗೆ ಕೇಳಿ ಗೊತ್ತಿರಬಹುದು. ನೂರಾರು ವರ್ಷ ರಾಮಾಯಣದ ಪ್ರಸಂಗಗಳನ್ನು ಲಕ್ಷಾಂತರ ಜನ ನೋಡಿದ್ದಾರೆ, ಅವನ್ನು ಬರೆದವನು ಕುಂಬಳೆಯವನೋ ಬ್ರಹ್ಮಾವರದ ಕಡೆಯವನೋ ಎಂದು ವಾದ! ಪ್ರಸಂಗಕರ್ತನ ಹೆಸರಿಗೆ ನಾವು ಕೊಟ್ಟ ಬೆಲೆ ಎಷ್ಟೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ? ಕವಿಗಳು ಕೃತಿಯ ಮೊದಲಲ್ಲೋ ಕೊನೆಯಲ್ಲೋ ತಮ್ಮ ಹೆಸರನ್ನೋ ಊರ ದೇವರ ಹೆಸರನ್ನೋ ಹೆಣೆದಿಡುವುದುಂಟು. ಬೆಳಗಿನ ಜಾವದ ಮಂಗಳದ ಹೊತ್ತಿಗೆ ಎಚ್ಚರಿರುವವರು ಎಷ್ಟು ಜನ?

ಇನ್ನು ಆ ಸಾವಿನ ಮಾತು. ಕಟ್ಟುಮಸ್ತಾದ ಅಂಗಸಾಧನೆಯ ಮಾಸ್ತರರನ್ನು ಕ್ಷಯ ಹಿಡಿಯಿತು. ಮೂವತ್ತೊಂದು ವರ್ಷಕ್ಕೆ ತೀರಿಕೊಂಡರು. ಕಾಪುವಿನಿಂದ ಬಂದ ಮಿತ್ರರಿಗೆ ಇಸವಿ ನೆನಪಿಟ್ಟುಕೊಳ್ಳುವುದು ಸುಲಭ: ನಿಮ್ಮ ಕಡಲ ದಂಡೆಯ ದೀಪಸ್ತಂಭ ಎದ್ದದ್ದೂ 1901ರಲ್ಲೇ. ಕ್ಷಯದ ರೋಗಾಣುವನ್ನು ಜರ್ಮನಿಯ ಕೋಖ್ ಕಂಡುಹಿಡಿದದ್ದು 1882ರಲ್ಲಿ. ಅದಕ್ಕೆ ನಾಟುವ ಮೊದಲ ಮದ್ದು, ಸ್ಟ್ರೆಪ್ಟೊಮೈಸಿನ್, ಸಿಕ್ಕಿದ್ದು 1943ರಲ್ಲಿ. ಮಾಸ್ತರರ ಕಾಲಕ್ಕೆ ಹಾಲು, ಮೊಟ್ಟೆ, ಒಳ್ಳೆಯ ಗಾಳಿ, ವಿಶ್ರಾಂತಿ ಇಷ್ಟೇ ಔಷಧ. ಈ ನಾಲ್ಕರಲ್ಲಿ ಯಾವುದು ಬಡ ಮಾಸ್ತರರ ಕೈಗೆಟುಕುತ್ತಿತ್ತು? (ಮಾತು ಬಂದದ್ದಕ್ಕೆ ಹೇಳುತ್ತೇವೆ. ಬೀಡಿ ಕಟ್ಟುವ, ಮಿಲ್ಲಿನ ಧೂಳು ಕುಡಿಯುವ ನಮ್ಮವರಲ್ಲಿ ಎರಡು ವಾರ ಮೀರಿದ ಕೆಮ್ಮಿದ್ದವರು ನಾಚಿಕೆ ಬಿಟ್ಟು ಸರಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿಕೊಳ್ಳಿ. ಮದ್ದು ಪುಕ್ಕಟೆ ಸಿಕ್ಕುತ್ತದೆ, ಪೂರ್ತಿ ತೆಗೆದುಕೊಂಡರೆ ಗುಣವಾಗುತ್ತದೆ.)

ಈಗ ಆ ಜರ್ಮನಿಯವನನ್ನು ಪುನಃ ತನ್ನಿ. ವ್ಯಾಗ್ನರ್ ಬದುಕಿದ್ದು ಎಪ್ಪತ್ತು ವರ್ಷ ಹತ್ತಿರ ಹತ್ತಿರ. ಅವನು ಮೂವತ್ತೊಂದಕ್ಕೆ, ಅಂದರೆ 1844ರಲ್ಲಿ ಸತ್ತಿದ್ದರೆ? ಪ್ಯಾರಿಸಿನ ಆ ಕಥೆಗಳು ಉಳಿಯುತ್ತಿದ್ದವು, ಎರಡು ಮೂರು ಒಪೆರಾ ಉಳಿಯುತ್ತಿದ್ದವು. ಅವನ ಹೆಸರನ್ನು ಲೋಕಪ್ರಸಿದ್ಧ ಮಾಡಿದ ದೊಡ್ಡ ಕೃತಿಗಳು ಒಂದೂ ಇರುತ್ತಿರಲಿಲ್ಲ, ಎಲ್ಲ ಆಮೇಲಿನವು. ಅವನ ಬರಹ ಆರಂಭದ ಬರಹ ಎನಿಸಿಕೊಂಡದ್ದು ಮುಂದೆ ಬದುಕಿದ್ದರಿಂದ. ನಮ್ಮ ಮಾಸ್ತರರಿಗೆ ಆರಂಭವೂ ಕೊನೆಯೂ ಒಂದೇ ಹತ್ತು ಹನ್ನೆರಡು ವರ್ಷದ ಒಳಗೆ ಬಿದ್ದುಹೋದವು. ಅವರು ಬರೆದ ಪುಸ್ತಕಗಳನ್ನು ಕಪಾಟಿನಲ್ಲಿಟ್ಟು ಎಣಿಸುತ್ತೇವೆ, ಸಂತೋಷ. ಐವತ್ತು ವರ್ಷದ ಲಕ್ಷ್ಮೀನಾರಣಪ್ಪನವರು ಬರೆಯಬೇಕಾಗಿದ್ದ ಪ್ರಸಂಗಗಳ ಲೆಕ್ಕ ಯಾವ ಕಪಾಟಿನಲ್ಲಿದೆ? ಹಾಲು, ಮೊಟ್ಟೆಯ ಕ್ರಯದಲ್ಲಿ ಅವು ಕಳೆದುಹೋದವು.

ಸಭೆಯಲ್ಲಿರುವ ಅಂಗಡಿಯವರಿಗೆ ಈಗ ನಮ್ಮದೊಂದು ಕೇಳಿಕೆ. ಪೇಟೆಯಲ್ಲಿ ವರ್ಷಕ್ಕೊಮ್ಮೆ ಚಂದಾ ಎತ್ತಿ ಆಟ ಆಡಿಸುವವರು ನೀವೇ. ಹ್ಯಾಂಡ್‌ಬಿಲ್ಲಿನಲ್ಲಿ ಮೇಳದ ಹೆಸರು, ಯಜಮಾನರ ಹೆಸರು, ದೊಡ್ಡ ವೇಷಧಾರಿಗಳ ಹೆಸರು, ಚಂದಾ ಕೊಟ್ಟ ಮಹನೀಯರ ಹೆಸರು ದಪ್ಪ ಅಕ್ಷರದಲ್ಲಿ ಬರುತ್ತವೆ. ಪ್ರಸಂಗ ಬರೆದವರ ಹೆಸರಿಗೆ ಒಂದು ಸಾಲು ಕೊಡಿ. ಮಣಿಪಾಲದ ಅಚ್ಚುಕೂಟದಲ್ಲಿ ದುಡಿಯುವ ಮಿತ್ರರು ಇಲ್ಲಿದ್ದಾರೆ. ಒಂದು ಸಾಲು ಹೆಚ್ಚಾದರೆ ಖರ್ಚು ಎಷ್ಟು ಹೆಚ್ಚುತ್ತದೆ ಎಂದು ಅವರನ್ನೇ ಕೇಳಿ. ಬರೆದವರು ಬದುಕಿದ್ದರೆ ಅವರನ್ನು ಕೇಳಿ ಆಡಿಸಿ, ಭಾಗವತರಿಗೆ ವೀಳ್ಯ ಕೊಡುವ ತಟ್ಟೆಯಲ್ಲೇ ಅವರಿಗೂ ಒಂದು ಲಕೋಟೆ ಇಡಿ. ಇದು ದಾನವಲ್ಲ. 1957ರ ಕೃತಿಸ್ವಾಮ್ಯದ ಕಾಯಿದೆ ಬರೆದವರಿಗೆ ಆ ಹಕ್ಕನ್ನು ಕೊಟ್ಟಿದೆ. ಹಕ್ಕಿದೆ ಎಂದು ಗೊತ್ತಿಲ್ಲದವರ ಪರವಾಗಿ ಕೇಳುವುದು ನಮ್ಮ ಉದ್ಯೋಗವಾಗಿರುವುದರಿಂದ ಇಷ್ಟು ಹೇಳಿದೆವು.

ಕೆಲಸಗಾರರಿಗೆ ಬೇರೆ ಮಾತು. ಮುದ್ದಣರ ಕೃತಿಗಳ ಮೇಲೆ ಈಗ ಯಾರ ಸ್ವಾಮ್ಯವೂ ಇಲ್ಲ, ಅವು ಎಲ್ಲರವು. ನಿಮ್ಮಲ್ಲಿ ಮದ್ದಳೆ ಬಲ್ಲವರಿದ್ದಾರೆ, ಪದ ಹೇಳುವವರಿದ್ದಾರೆ. ವೇಷ, ಬಣ್ಣ, ರಂಗಸ್ಥಳ ಯಾವುದರ ಖರ್ಚೂ ಇಲ್ಲದೆ ಮಳೆಗಾಲದ ಒಂದು ಶನಿವಾರ ರಾತ್ರಿ ಕೂತು 'ಕುಮಾರ ವಿಜಯ'ದ ತಾಳಮದ್ದಳೆ ನಡೆಸಬಹುದು. ಅರ್ಥ ಹೇಳುವಾಗ ಶೂರಪದ್ಮನ ದರ್ಬಾರಿನ ವರ್ಣನೆಗೆ ನಿಮಗೆ ಮಾದರಿಗಳ ಕೊರತೆ ಆಗಲಾರದು.

ಕಡೆಯದಾಗಿ ಒಂದು ಸಂಗತಿ. ಲಕ್ಷ್ಮೀನಾರಣಪ್ಪನವರು 'ಗೋದಾವರಿ' ಎಂಬ ಒಂದು ಕಾದಂಬರಿಯನ್ನು ಹಿಡಿದಿದ್ದರು, ಅದು ಪೂರ್ತಿಯಾಗಲಿಲ್ಲ ಎಂದು ಅವರ ಜೀವನ ಬರೆದವರು ಹೇಳುತ್ತಾರೆ. ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಮಂಗಳೂರಿನಲ್ಲಿ ಅಚ್ಚಾದದ್ದು 1899ರಲ್ಲಿ. ಅದೇ ಕಾಲಕ್ಕೆ ಉಡುಪಿಯ ಡ್ರಿಲ್ ಮಾಸ್ತರರೂ ಹಳಗನ್ನಡ ಬಿಟ್ಟು ಕಾದಂಬರಿಯ ಕಡೆ ಹೊರಳುತ್ತಿದ್ದರೋ ಏನೋ. ಆ ಹಸ್ತಪ್ರತಿ ಈಗ ಇಲ್ಲ. ಉಡುಪಿ, ಕಾರ್ಕಳದ ಹಳೆಯ ಮನೆಗಳು ಬಿಚ್ಚುವಾಗ ಅಟ್ಟದ ಕಾಗದವೆಲ್ಲ ಗುಜರಿಗೆ, ಅಲ್ಲಿಂದ ಪೊಟ್ಟಣ ಕಟ್ಟುವ ಅಂಗಡಿಗೆ ಬರುತ್ತದೆ. ಹಳೆಯ ಕೈಬರಹದ ಕಟ್ಟು ಕಂಡರೆ ಹರಿಯುವ ಮೊದಲು ಒಮ್ಮೆ ತಿರುವಿ ನೋಡಿ. ಓದಲು ಬಾರದಿದ್ದರೆ ನಮಗೆ ಹೇಳಿ ಕಳುಹಿಸಿ, ಬಂದು ಓದುತ್ತೇವೆ.